ನಮ್ಮ ತೋಟದ ಶಾರ್ಡನೆ 480 ರೂಪಾಯಿ. ಬೆಲೆ ಏರಿಸಬೇಕಾ?

ಜತ್ತದ ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾವು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನವರು, ಉಮದಿ ಕಡೆ. ಒಂಬತ್ತು ಎಕರೆ ದ್ರಾಕ್ಷಿ ಇದೆ. ಏಳು ಎಕರೆ ಹಣ್ಣು ಒಣದ್ರಾಕ್ಷಿಗೆ ಹೋಗುತ್ತದೆ. ಉಳಿದ ಎರಡು ಎಕರೆ ಶಾರ್ಡನೆ, ಬಿಳಿ ವೈನ್ ಮಾಡುವ ದ್ರಾಕ್ಷಿ. ಅದರಿಂದ ನಾವೇ ವೈನ್ ಮಾಡಿ ತೋಟದಲ್ಲೇ ಮಾರುತ್ತೇವೆ. ಬಳ್ಳಿ ನನ್ನ ಗಂಡನದ್ದು, ವೈನ್ ಹುದುಗಿಸುವ ಟ್ಯಾಂಕು ನನ್ನದು. ಎರಡಕ್ಕೂ ಕೊನೆಯ ಮಾತು ಮಾವನವರದ್ದು.

ಈಗ ಬಾಟಲಿಗೆ 480 ರೂಪಾಯಿ ಇಟ್ಟಿದ್ದೇವೆ. ಪುಣೆಯಲ್ಲಿರುವ ನಾದಿನಿಯ ಗಂಡ ಹೋದ ವಾರ ಬಂದಿದ್ದರು. ರುಚಿ ನೋಡಿ, "ಇದನ್ನು 900ಕ್ಕೆ ಮಾರಿ, ಭಾರದ ಬಾಟಲಿಗೆ ತುಂಬಿ, ಕಪ್ಪು ಲೇಬಲ್ ಹಚ್ಚಿ" ಅಂದರು. ಮನೆಯಲ್ಲಿ ಅವತ್ತಿನಿಂದ ಇದೇ ಮಾತು. ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ, ನೀವೇ ಹೇಳಿ.

750 ಮಿಲಿ ಬಾಟಲಿಗೆ ಸುಮಾರು ಒಂದೂಕಾಲು ಕೆಜಿ ಹಣ್ಣು ಬೇಕು. ನಮ್ಮ ಹಣ್ಣಿಗೆ ನಾವೇ ಕೆಜಿಗೆ 48 ಹಾಕಿಕೊಂಡಿದ್ದೇವೆ, ಅಲ್ಲಿಗೆ 60. ಗಾಜು, ಮುಚ್ಚಳ, ಲೇಬಲ್, ಡಬ್ಬ ಸೇರಿ 75. ಕರೆಂಟು, ಯೀಸ್ಟು, ಫಿಲ್ಟರು 50. ಕೂಲಿ 40. ಲೈಸೆನ್ಸು, ಲೇಬಲ್ ನೋಂದಣಿ, ಲ್ಯಾಬ್ ಪರೀಕ್ಷೆ 35. ಟ್ಯಾಂಕು, ಕೂಲಿಂಗ್ ಯಂತ್ರದ ಸಾಲಕ್ಕೆ ಬಡ್ಡಿ 60. ಒಟ್ಟು 320. ನಾವು ಹಿಡಿದ ಬೆಲೆ 400, ಅದರ ಮೇಲೆ 20 ಪರ್ಸೆಂಟ್ ವ್ಯಾಟ್ 80. ಹಾಗೆ 480. ಬಾಟಲಿಗೆ ನಮ್ಮ ಕೈಲಿ ಉಳಿಯುವುದು 80 ರೂಪಾಯಿ.

ಎರಡು ಎಕರೆಯಿಂದ ಆರು ಟನ್ ಹಣ್ಣು, ಅಂದರೆ ಸುಮಾರು 4,800 ಬಾಟಲಿ. ಒಂದೂ ಬಿಡದೆ ಮಾರಿದರೆ ವರ್ಷಕ್ಕೆ 3 ಲಕ್ಷ 84 ಸಾವಿರ. ಆ 20 ಪರ್ಸೆಂಟ್ ವ್ಯಾಟಿನಲ್ಲಿ 16 ಪರ್ಸೆಂಟ್ ವಾಪಸ್ ಕೊಡುವ ರಾಜ್ಯದ ಯೋಜನೆ ಇದೆ. ಅದು ಯಾವಾಗ ಕೈಗೆ ಬರುತ್ತದೋ ಆವಾಗ ಬರಲಿ ಅಂತ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನನಗೆ ಬೆಲೆ ಏರಿಸುವ ಮನಸ್ಸಿಲ್ಲ. ಆದರೆ ಸುಮ್ನೆ ಹಟ ಮಾಡುತ್ತಿದ್ದೇನಾ ಅಂತಲೂ ಅನಿಸುತ್ತದೆ.

ಸೊಲ್ಲಾಪುರದ ಲೆಕ್ಕಿಗ

ಅಕ್ಕಾ, ಲೆಕ್ಕ ಇಷ್ಟು ಬಿಚ್ಚಿ ಹೇಳಿದ್ದು ಬಹಳ ಒಳ್ಳೆಯದಾಯಿತು. ನನ್ನ ಮಟ್ಟಿಗೆ ಏರಿಸಬೇಕು. ಕಾರಣ ಎರಡು.

ಒಂದು, ನಿಮ್ಮಿಬ್ಬರ ದುಡಿಮೆ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಕೂಲಿ 40 ಅಂದಿರಿ, ಅದು ಆಳುಗಳದ್ದು. ನೀವು ರಾತ್ರಿ ಎದ್ದು ಟ್ಯಾಂಕು ನೋಡುವುದಕ್ಕೆ ಯಾರು ಸಂಬಳ ಕೊಡುತ್ತಾರೆ? ಎರಡು, ಸಾಲದ ಬಡ್ಡಿ ಹಿಡಿದಿದ್ದೀರಿ, ಅಸಲು ಹಿಡಿದಿಲ್ಲ. ಆ 80 ರೂಪಾಯಿಯಲ್ಲೇ ಅಸಲೂ ತೀರಬೇಕು, ಮಕ್ಕಳ ಫೀಜೂ ಕಟ್ಟಬೇಕು. 900 ಜಾಸ್ತಿಯಾಯಿತು, ನಿಜ. 650 ಇಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಪೇಟೆಯಲ್ಲಿ ಕಡಿಮೆ ಬೆಲೆಯ ವೈನ್ ಅಂದರೆ ಕೀಳು ಮಾಲು ಅಂತ ಜನ ತಿಳಿಯುವುದೂ ಉಂಟು.

ವಿಜಯಪುರದ ಒಣದ್ರಾಕ್ಷಿ

ನಾವು ಗಡಿಯ ಈಚೆ ಕಡೆಯವರು, ನಿಮ್ಮಿಂದ ದೂರವೇನಿಲ್ಲ. ನಾವೂ ದ್ರಾಕ್ಷಿಯವರೇ, ಎಲ್ಲಾ ಮಾಣಿಕ್ ಚಮನ್ ಮತ್ತು ಥಾಮ್ಸನ್. ನಾಲ್ಕು ಕೆಜಿ ಹಣ್ಣು ಒಣಗಿಸಿದರೆ ಒಂದು ಕೆಜಿ ಮಾಲು. ದರ ಬಿದ್ದರೂ ಕೋಲ್ಡ್ ಸ್ಟೋರೇಜಿಗೆ ಹಾಕಿ ಕಾಯಬಹುದು. ಆದ್ದರಿಂದ ಕೇಳುತ್ತಿದ್ದೇನೆ ತಂಗಿ, ವೈನ್ ದ್ರಾಕ್ಷಿಯ ಗೊಡವೆ ನಿಮಗೆ ಯಾಕೆ ಬೇಕಿತ್ತು? 2009ರ ಸುಮಾರಿಗೆ ನಿಮ್ಮ ಕಡೆ ಎಷ್ಟು ಜನ ವೈನ್ ಬಳ್ಳಿ ಕಿತ್ತು ಹಾಕಿದರು, ನನಗೆ ಚೆನ್ನಾಗಿ ನೆನಪಿದೆ.

ಜತ್ತದ ಬಳ್ಳಿ

ಅಣ್ಣಾ, ಕಿತ್ತವರಲ್ಲಿ ನಮ್ಮ ಮಾವನೂ ಒಬ್ಬರು. ನಾನು ಈ ಮನೆಗೆ ಬರುವ ಮೊದಲಿನ ಮಾತು. ಆದರೂ ಎಷ್ಟು ಸಲ ಕೇಳಿದ್ದೇನೆ ಅಂದರೆ ನಾನೇ ಕಣ್ಣಾರೆ ಕಂಡ ಹಾಗಾಗಿದೆ.

2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಿತು. ರಾಜ್ಯದ ಹಣ್ಣಿನಿಂದ ಮಾಡಿದ ವೈನ್‌ಗೆ ಅಬಕಾರಿ ಸುಂಕದಲ್ಲಿ ದೊಡ್ಡ ವಿನಾಯಿತಿ ಸಿಕ್ಕಿತು. ನಾಸಿಕ್ ಕಡೆ ವಿಂಚೂರಿನಲ್ಲಿ, ನಮ್ಮ ಜಿಲ್ಲೆಯ ಪಲೂಸಿನಲ್ಲಿ ವೈನ್ ಘಟಕಗಳಿಗೆ ಅಂತಲೇ ವೈನ್ ಪಾರ್ಕ್ ಬಂತು. ಊರೂರಿಗೆ ಕಂಪನಿಯವರು ಬಂದು ಹತ್ತು ವರ್ಷದ ಕರಾರು ಬರೆಸಿಕೊಂಡರು. 2006ರಲ್ಲಿ ಮಾವ ಮೂರು ಎಕರೆ ಕ್ಯಾಬರ್ನೆ ಅನ್ನುವ ವೈನ್ ದ್ರಾಕ್ಷಿ ಹಚ್ಚಿದರು. ಮೊದಲ ಬೆಳೆಗೆ ದುಡ್ಡು ಸರಿಯಾಗಿ ಬಂತು.

2008ರ ಕೊನೆಗೆ ಜಗತ್ತಿನ ವ್ಯಾಪಾರ ಬಿತ್ತು. ಅದೇ ನವೆಂಬರಿನಲ್ಲಿ ಮುಂಬೈ ದಾಳಿ ಆಯಿತು, ಹೋಟೆಲುಗಳು ಖಾಲಿ. ವೈನರಿಗಳ ಟ್ಯಾಂಕಿನಲ್ಲಿ ಹಳೆಯ ವೈನ್ ಹಾಗೇ ಉಳಿಯಿತು. 2009ರ ಫೆಬ್ರುವರಿಯಲ್ಲಿ ಹಣ್ಣು ತಯಾರಾಗಿ ನಿಂತಿದ್ದರೆ ಕಂಪನಿಯ ಲಾರಿ ಬರಲೇ ಇಲ್ಲ. ಫೋನ್ ಮಾಡಿದರೆ ನಾಳೆ ಅನ್ನುತ್ತಿದ್ದರು. ಹತ್ತು ದಿನ ನಾಳೆ ಅಂದರು.

ವೈನ್ ದ್ರಾಕ್ಷಿಗೆ ಬೇರೆ ಗತಿ ಇಲ್ಲ ಅಣ್ಣಾ. ಕಾಳು ಬಟಾಣಿಯಷ್ಟು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವ ಮಾರ್ಕೆಟ್ಟಿನಲ್ಲಿ ಯಾರೂ ಕೊಳ್ಳುವುದಿಲ್ಲ. ಒಣಗಿಸಿದರೆ ಹಲ್ಲಿಗೆ ಬೀಜ ಸಿಗುತ್ತದೆ. ನಮ್ಮ ಹಣ್ಣು ಬಳ್ಳಿಯ ಮೇಲೇ ಬಾಡಿತು. ಸ್ವಲ್ಪ ಆಡುಗಳಿಗೆ ಹಾಕಿದರು. ಮೇ ತಿಂಗಳಲ್ಲಿ ಮಾವ ಮೂರೂ ಎಕರೆಯನ್ನು ಬುಡಸಮೇತ ಕೀಳಿಸಿದರು. ಆ ಕಟ್ಟಿಗೆಯನ್ನು ಅತ್ತೆ ಎರಡು ವರ್ಷ ಒಲೆಗೆ ಹಾಕಿದರು.

2017ರಲ್ಲಿ ನಾವು ಮತ್ತೆ ವೈನ್ ದ್ರಾಕ್ಷಿ ಅಂದಾಗ ಮಾವ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ಷರತ್ತು ಹಾಕಿದರು. ಮೊದಲು ಟ್ಯಾಂಕು ಬರಬೇಕು, ಆಮೇಲೆ ಬಳ್ಳಿ. ಆಗ ನನಗೆ ತಿರುಗಾಮುರುಗಾ ಅನಿಸಿತು. ಈಗ ಅರ್ಥವಾಗಿದೆ. ಕೊಯ್ದ ಹಣ್ಣಿಗೆ ಎರಡು ದಿನದ ಆಯುಷ್ಯ. ಆ ಎರಡು ದಿನ ಕೊಳ್ಳುವವನು ಹೇಳಿದ್ದೇ ದರ. ಅದೇ ಹಣ್ಣು ನಮ್ಮ ಟ್ಯಾಂಕಿನಲ್ಲಿ ವೈನ್ ಆದರೆ ಒಂದು ವರ್ಷ ಕಾಯುತ್ತದೆ. ನಿಮ್ಮ ಕೋಲ್ಡ್ ಸ್ಟೋರೇಜ್ ಮಾಡುವ ಕೆಲಸವನ್ನೇ ನಮ್ಮಲ್ಲಿ ಟ್ಯಾಂಕು ಮಾಡುತ್ತದೆ. ಜೊತೆಗೆ ಕುಡಿಯುವವರೇ ನಮ್ಮ ಮೇಜಿನ ಎದುರಿಗೆ ಬಂದು ಕೂತರೆ, ನಡುವೆ ಲಾರಿಗೆ ಕಾಯುವ ಮಾತೇ ಇಲ್ಲ.

ಶಾರ್ಡನೆಯೇ ಯಾಕೆ ಅಂದರೆ, ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾಟೆಲ್ಲಿ ವೈನ್ ಕಂಪನಿಯವರು ಅದನ್ನು ಬೆಳೆದು, ಬಾಟಲಿ ಮಾಡಿ ತೋರಿಸಿದ್ದರು. ನಮ್ಮದೂ ಅಂಥದ್ದೇ ಬಿಸಿಲು. ಈ ಬಳ್ಳಿ ಬೇಗ ಹಣ್ಣಾಗುತ್ತದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡಿದ ಮೇಲೆ ಸುಮಾರು 115 ದಿನಕ್ಕೆ ಕೊಯ್ಲು. ಫೆಬ್ರುವರಿ ನಡುವಿನ ಬಿಸಿ ಏರುವುದರೊಳಗೆ ಹಣ್ಣು ಒಳಗೆ ಬಂದಿರುತ್ತದೆ. ನೀರೂ ಅಷ್ಟು ದಿನ ಉಳಿಯುತ್ತದೆ. ನಮ್ಮ ತಾಲೂಕಿನಲ್ಲಿ ಟ್ಯಾಂಕರ್ ನೀರು ತಂದು ದ್ರಾಕ್ಷಿ ಬದುಕಿಸಿದವರಿಗೆ ಹದಿನೈದು ದಿನ ಬೇಗ ಮುಗಿಯುವುದರ ಬೆಲೆ ಗೊತ್ತು.

ವಿಜಯಪುರದ ಒಣದ್ರಾಕ್ಷಿ

ನಿಮ್ಮ ಮಾವನವರ ಮಾತು ಒಪ್ಪಿದೆ ತಂಗಿ. ಹೋದ ವರ್ಷ ನಮ್ಮ ಊರಿಗೆ ಹಣ್ಣು ಕೊಳ್ಳಲು ಬಂದ ಒಬ್ಬ ದಲಾಲ ಎಂಟು ಮನೆಯವರ ದುಡ್ಡು ಕೊಡದೆ ಹೋದ. ನಮ್ಮದೂ ಅದರಲ್ಲಿದೆ. ಮೇಜಿನ ಎದುರಿಗೆ ಗಿರಾಕಿ ಕೂರುವುದು ಅಂದಿರಲ್ಲ, ಅದನ್ನೇ ಯೋಚಿಸುತ್ತಿದ್ದೇನೆ.

ಮಿರಜಿನ ಲ್ಯಾಬ್

ನಾನು ಆಹಾರ ಪರೀಕ್ಷೆಯ ಕೆಲಸದಲ್ಲಿದ್ದೇನೆ. ವೈನ್ ನನ್ನ ಆಸಕ್ತಿ. ಒಂದು ತಾಂತ್ರಿಕ ಪ್ರಶ್ನೆ ಕೇಳುತ್ತೇನೆ ಮೇಡಂ. ಬಿಸಿ ನಾಡಿನಲ್ಲಿ ಶಾರ್ಡನೆಗೆ ದೊಡ್ಡ ತೊಂದರೆ ಹುಳಿಯದ್ದು. ಹಣ್ಣು ಸಿಹಿಯಾಗುತ್ತಾ ಹೋದ ಹಾಗೆ ಮ್ಯಾಲಿಕ್ ಆಮ್ಲ ಸುಟ್ಟು ಹೋಗುತ್ತದೆ. 24 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ತನಕ ಕಾದರೆ ವೈನ್ ಸಪ್ಪೆ ಮತ್ತು ಖಾರ ಎರಡೂ ಆಗುತ್ತದೆ. ಸಪ್ಪೆ ಯಾಕೆಂದರೆ ಹುಳಿ ಇಲ್ಲ, ಖಾರ ಯಾಕೆಂದರೆ ಆಲ್ಕೋಹಾಲ್ ಜಾಸ್ತಿ. ನೀವು ಯಾವ ಬ್ರಿಕ್ಸಿಗೆ ಕೊಯ್ಯುತ್ತೀರಿ? ಮ್ಯಾಲೊಲ್ಯಾಕ್ಟಿಕ್ ಮಾಡುತ್ತೀರಾ?

ಜತ್ತದ ಬಳ್ಳಿ

ಸರ್, 22ರಿಂದ 22.5ಕ್ಕೆ ಕೊಯ್ಯುತ್ತೇವೆ. ಆಲ್ಕೋಹಾಲ್ 13ರ ಒಳಗೇ ಇರುತ್ತದೆ. ಕೊಯ್ಲಿಗೆ ಮುಂಚಿನ ಹತ್ತು ದಿನ ಮಾವ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ದಿನಾ ಸಾಲು ಸಾಲು ಸುತ್ತುತ್ತಾರೆ. ಹುಳಿ ಸಾಲದಿದ್ದರೆ ರಸಕ್ಕೇ ಟಾರ್ಟಾರಿಕ್ ಆಮ್ಲ ಹಾಕುತ್ತೇವೆ. ಅದು ದ್ರಾಕ್ಷಿಯಲ್ಲಿ ಇರುವಂಥದ್ದೇ. ಬಂದವರು ಕೇಳಿದರೆ ಹಾಕಿದ್ದೇವೆ ಅಂತಲೇ ಹೇಳುತ್ತೇವೆ.

ಕೊಯ್ಲು ಬೆಳಗಿನ ಜಾವ ಮೂರಕ್ಕೆ ಶುರು. ತಲೆಗೆ ಲೈಟು ಕಟ್ಟಿಕೊಂಡು ಹೆಣ್ಣುಮಕ್ಕಳು ಕತ್ತರಿಯಿಂದ ಗೊಂಚಲು ಬಿಡಿಸುತ್ತಾರೆ. ಎಂಟು ಗಂಟೆಗೆ ಕೆಲಸ ನಿಲ್ಲಿಸುತ್ತೇವೆ. ಆ ಹೊತ್ತಿನಲ್ಲಿ ಹಣ್ಣು ಮುಟ್ಟಿದರೆ ಕೈ ತಣ್ಣಗಾಗುತ್ತದೆ. ಅಷ್ಟರ ಮಟ್ಟಿಗೆ ಕೂಲಿಂಗಿನ ಕರೆಂಟು ಉಳಿಯಿತು. ಮೆಲ್ಲಗೆ ಒತ್ತಿ ರಸ ತೆಗೆದು, 10 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡುತ್ತೇವೆ. ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಟ್ಯಾಂಕಿಗೆ ಇಳಿಸಿ ಯೀಸ್ಟ್ ಹಾಕುತ್ತೇವೆ. 15–16 ಡಿಗ್ರಿಯಲ್ಲಿ ಸುಮಾರು ಹದಿನೈದು ದಿನ ಹುದುಗುತ್ತದೆ. ಆ ಹದಿನೈದು ದಿನ ನಾನು ಶೆಡ್ಡಿನಲ್ಲೇ ಮಲಗುತ್ತೇನೆ.

ಮ್ಯಾಲೊಲ್ಯಾಕ್ಟಿಕ್ ಮಾಡುವುದಿಲ್ಲ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಇದು ಹಾಲಿಗೆ ಹೆಪ್ಪು ಹಾಕುವ ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಮ್ಯಾಲಿಕ್ ಅನ್ನುವ ಹಸಿ ಸೇಬಿನ ಚೂಪು ಹುಳಿಯನ್ನು ಅದು ಮೊಸರಿನ ಮೆತ್ತನೆ ಹುಳಿಯಾಗಿ ಬದಲಿಸುತ್ತದೆ. ಜೊತೆಗೆ ಡೈಅಸಿಟೈಲ್ ಅನ್ನುವ ಒಂದು ವಸ್ತು ಹುಟ್ಟುತ್ತದೆ. ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದೂ ಅದೇ. ಚಳಿ ದೇಶದ ಹಣ್ಣಿನಲ್ಲಿ ಹುಳಿ ಜಾಸ್ತಿ, ಅವರಿಗೆ ಇದು ಬೇಕು. ನಮ್ಮ ಹಣ್ಣಿನಲ್ಲಿ ಇರುವ ಹುಳಿಯೇ ಕಡಿಮೆ, ಅದನ್ನೂ ಕಳೆದುಕೊಂಡರೆ ಏನು ಉಳಿಯಿತು? ಹಾಗಾಗಿ ತಣ್ಣಗಿಟ್ಟು, ಅಳತೆಯ ಸಲ್ಫರ್ ಹಾಕಿ, ಫಿಲ್ಟರ್ ಮಾಡಿ ಆ ಬ್ಯಾಕ್ಟೀರಿಯಾವನ್ನು ತಡೆಯುತ್ತೇವೆ.

ಒಂದು ವರ್ಷದ ಸಂಗತಿ ಹೇಳಲೇಬೇಕು. ಹುದುಗುವ ಆರನೇ ದಿನ ರಾತ್ರಿ ಕರೆಂಟು ಹೋಯಿತು. ಜನರೇಟರ್ ಹತ್ತಲಿಲ್ಲ. ಒಂಬತ್ತು ತಾಸು ಕೂಲಿಂಗ್ ಇಲ್ಲ. ಬೆಳಿಗ್ಗೆ ನೋಡಿದರೆ ಒಂದು ಟ್ಯಾಂಕು 24 ಡಿಗ್ರಿ ಮುಟ್ಟಿತ್ತು. ವೈನ್ ಕೆಡಲಿಲ್ಲ, ಆದರೆ ಹಣ್ಣಿನ ವಾಸನೆ ಹಾರಿ ಹೋಗಿತ್ತು. ನಾನು ಅತ್ತೆಬಿಟ್ಟೆ. ಇನ್ನೊಂದು ಟ್ಯಾಂಕಿನ ಜೊತೆ ಬೆರೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಬ್ಬರು ಹೇಳಿದರು. ಮಾವ ಬೇಡ ಅಂದರು. ಆ ಟ್ಯಾಂಕನ್ನು ಬೇರೆಯೇ ತುಂಬಿಸಿ 300 ರೂಪಾಯಿಗೆ ಮಾರಿದೆವು. ಮೇಜಿನ ಮೇಲೆ ಬೋರ್ಡು ಇಟ್ಟು ಕರೆಂಟು ಹೋದ ಕಥೆ ಪೂರ್ತಿ ಬರೆದೆವು. ಎರಡು ತಿಂಗಳಲ್ಲಿ ಎಲ್ಲಾ ಖಾಲಿ. ಅವತ್ತು 300ರದ್ದು ಒಯ್ದ ಮನೆಗಳು ಇವತ್ತಿಗೂ ಬರುತ್ತವೆ. ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದರೆ ಆ ಕಥೆಯನ್ನು ಯಾರಿಗೆ ಹೇಳುತ್ತಿದ್ದೆವು?

ಮಿರಜಿನ ಲ್ಯಾಬ್

ಬೆರೆಸದೇ ಇದ್ದದ್ದು ದೊಡ್ಡ ಮಾತು ಮೇಡಂ. ಇನ್ನೊಂದು ಕೇಳಿಬಿಡುತ್ತೇನೆ, ಕಾರ್ಕಾ, ತಿರುಗಿಸುವ ಮುಚ್ಚಳವಾ?

ಜತ್ತದ ಬಳ್ಳಿ

ತಿರುಗಿಸುವ ಮುಚ್ಚಳ ಸರ್. ಕಾರ್ಕು ಪೋರ್ಚುಗಲ್ ಕಡೆಯಿಂದ ಬರಬೇಕು, ಖರ್ಚು ಹೆಚ್ಚು, ಕೆಲವು ಕಾರ್ಕಿನಿಂದ ವೈನ್‌ಗೆ ಮುಗ್ಗಲು ವಾಸನೆಯೂ ಹಿಡಿಯುತ್ತದೆ. ಒಂದೆರಡು ವರ್ಷದಲ್ಲಿ ಕುಡಿಯುವ ವೈನ್‌ಗೆ ಮುಚ್ಚಳವೇ ಸಾಕು. ನಮ್ಮ ಗಿರಾಕಿಗಳ ಮನೆಯಲ್ಲಿ ಕಾರ್ಕು ತೆಗೆಯುವ ತಿರುಪೂ ಇರುವುದಿಲ್ಲ ಅಲ್ವಾ.

ಕಾಸರಗೋಡಿನ ಕಡಲು

ನಾನು ಕಾಸರಗೋಡಿನವನು. ತಂಗಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೇವೆ. ಹೋದ ಡಿಸೆಂಬರಿನಲ್ಲಿ ಭಾವ ನನ್ನನ್ನು ಇವರ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ತಗಡಿನ ಶೆಡ್ಡು, ಪಕ್ಕದಲ್ಲೇ ಒಣದ್ರಾಕ್ಷಿಯ ಬಲೆಗಳು, ಬೇವಿನ ಮರದ ಕೆಳಗೆ ಒಂದು ಮೇಜು. ಗ್ಲಾಸಿಗೆ ಹಾಕಿದ ವೈನ್ ಒಣಹುಲ್ಲಿನ ತಿಳಿ ಬಣ್ಣ. ಮೂಗಿಗೆ ಮೊದಲು ನಿಂಬೆ ಸಿಪ್ಪೆ, ಸ್ವಲ್ಪ ಹೊತ್ತು ಬಿಟ್ಟರೆ ಅನಾನಸು. ನಾಲಗೆಯ ಮೇಲೆ ಸಿಹಿ ಇಲ್ಲ. ಸಿಹಿ ಇರುತ್ತದೆ ಅಂದುಕೊಂಡು ಕುಡಿದ ಭಾವನಿಗೆ ಮೊದಲ ಗುಟುಕು ಹಿಡಿಸಲಿಲ್ಲ, ಎರಡನೆಯದು ಹಿಡಿಸಿತು. ತಂಗಿ ಕಟ್ಟಿ ಕೊಟ್ಟಿದ್ದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಚಟ್ನಿಯ ಖಾರಕ್ಕೆ ವೈನ್ ಸರಿಹೋಗಲಿಲ್ಲ, ಬಾಯಿ ಇನ್ನೂ ಉರಿಯಿತು. ಬೆಣ್ಣೆ ಹಚ್ಚಿದ ರೊಟ್ಟಿಗೆ ಬಹಳ ಚೆನ್ನಾಗಿತ್ತು. ನನಗೆ ಆಗ ನೆನಪಾದದ್ದು ನಮ್ಮ ಮನೆಯ ಕಾಣೆ ಮೀನು. ಮಸಾಲೆ ಕಡಿಮೆ ಹಾಕಿ, ತೆಂಗಿನೆಣ್ಣೆಯಲ್ಲಿ ಹುರಿದದ್ದು. ಜೊತೆಗೆ ನೀರುದೋಸೆ. ಇದಕ್ಕೆ ಅದೇ ಜೋಡಿ ಅನಿಸಿತು.

ನನ್ನ ಮಾತು: ದಯವಿಟ್ಟು 900 ಮಾಡಬೇಡಿ. 900 ಆಗಿದ್ದರೆ ಭಾವ ಕಾರು ನಿಲ್ಲಿಸುತ್ತಲೇ ಇರಲಿಲ್ಲ. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಇನ್ನೊಂದು, ಕಾಸರಗೋಡಿಗೆ ಕಳಿಸಲು ಆಗುತ್ತದಾ? ಒಂದು ಡಬ್ಬ ಸಾಕು.

ಜತ್ತದ ಬಳ್ಳಿ

ಅಣ್ಣಾ, ನೀವು ಬಂದದ್ದು ನೆನಪಿದೆ, ರೊಟ್ಟಿ ನಮಗೂ ಕೊಟ್ಟಿದ್ದಿರಿ. ಕಳಿಸಲು ಆಗುವುದಿಲ್ಲ. ಮದ್ಯದ ಮಟ್ಟಿಗೆ ಒಂದೊಂದು ರಾಜ್ಯವೂ ಒಂದೊಂದು ದೇಶವಿದ್ದ ಹಾಗೆ. ಇದು ಜಿಎಸ್‌ಟಿಯಲ್ಲೂ ಇಲ್ಲ. ಪ್ರತಿ ರಾಜ್ಯದಲ್ಲಿ ಬೇರೆ ಲೇಬಲ್ ನೋಂದಣಿ, ಬೇರೆ ಪರ್ಮಿಟ್, ಬೇರೆ ಸುಂಕ. ಕೇರಳದಲ್ಲಂತೂ ಸರ್ಕಾರಿ ನಿಗಮದ ಮೂಲಕವೇ ಹೋಗಬೇಕು. 4,800 ಬಾಟಲಿಯ ಮನೆಗೆ ಅದು ಆಗದ ಕೆಲಸ. ನಮ್ಮಿಂದ ವಿಜಯಪುರ ಅಷ್ಟು ಹತ್ತಿರ, ಅಲ್ಲಿನ ಅಂಗಡಿಗೇ ಕೊಡಲು ಆಗಿಲ್ಲ. ಗಡಿ ದಾಟುವ ಗಿರಾಕಿಗಳಿಗೂ ಎರಡೂ ಕಡೆಯ ಅಬಕಾರಿ ನಿಯಮ ನೋಡಿಕೊಂಡು ಒಯ್ಯಿರಿ ಅಂತ ಹೇಳಿಯೇ ಬಿಲ್ಲು ಕೊಡುತ್ತೇನೆ.

ಕಾಸರಗೋಡಿನ ಕಡಲು

ಅರ್ಥವಾಯಿತು. ನಮ್ಮಲ್ಲಿ ಗೇರುಬೀಜ ತೆಗೆದುಕೊಂಡು ಹಣ್ಣನ್ನು ನೆಲಕ್ಕೆ ಬಿಡುತ್ತಾರೆ, ರಾಶಿ ರಾಶಿ ಕೊಳೆಯುತ್ತದೆ. ಗೋವಾದವರು ಅದೇ ಹಣ್ಣಿನಿಂದ ಫೆನಿ ಮಾಡಿ 2009ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಗುರುತು ಪಡೆದರು. ಕೇರಳದಲ್ಲೂ 2022ರಲ್ಲಿ ಹಣ್ಣುಗಳಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ಬಂದಿದೆ. ನಿಮ್ಮ ಲೆಕ್ಕ ನೋಡಿದ ಮೇಲೆ ನಮ್ಮ ಊರಿನ ನಾಲ್ಕು ಜನಕ್ಕೆ ತೋರಿಸಬೇಕು ಅನಿಸಿದೆ.

ಅಕ್ಕಲಕೋಟೆಯ ಟೀಚರ್

ಇಷ್ಟು ಹೊತ್ತು ಓದುತ್ತಿದ್ದೆ. ನಿಮ್ಮ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆದರೆ "ಕಡಿಮೆ ಬೆಲೆ" ಅನ್ನುವ ಮಾತು ನನ್ನನ್ನು ಚುಚ್ಚುತ್ತಿದೆ. ನಾನು ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅಪ್ಪ ಕುಡಿಯುವ ಮನೆಯ ಮಗುವನ್ನು ಮುಖ ನೋಡಿಯೇ ಗುರುತಿಸುತ್ತೇನೆ. ನಮ್ಮ ಮಹಾರಾಷ್ಟ್ರದಲ್ಲಿ ಊರಿನ ಹೆಣ್ಣುಮಕ್ಕಳು ಮತ ಹಾಕಿ ಸಾರಾಯಿ ಅಂಗಡಿ ಮುಚ್ಚಿಸಬಹುದು. ನಿಂತ ಬಾಟಲಿ, ಮಲಗಿದ ಬಾಟಲಿ ಅಂತ ಎರಡು ಚಿಹ್ನೆ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಬಂದ್. ಅಂಥ ಮತದಾನಕ್ಕಾಗಿ ಸಹಿ ಕೂಡಿಸುತ್ತಾ ಮನೆಮನೆ ತಿರುಗಿದವರಲ್ಲಿ ನಾನೂ ಒಬ್ಬಳು. 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟಿನಲ್ಲೂ ವೈನ್ ಮಾರಬಹುದು ಅಂತ ಸಂಪುಟ ತೀರ್ಮಾನ ಮಾಡಿದಾಗಲೂ ನಾನು ವಿರೋಧಿಸಿದ್ದೆ. ವೈನ್ ಅಗ್ಗವಾಗಲಿ ಅಂತ ಒಬ್ಬ ಹೆಣ್ಣುಮಗಳೇ ಬಯಸುವುದು ಹೇಗೆ, ನನಗೆ ತಿಳಿಯುತ್ತಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಜತ್ತದ ಬಳ್ಳಿ

ಟೀಚರ್, ಬೇಸರ ಇಲ್ಲ. ನಿಮ್ಮ ಮಾತು ನಮ್ಮ ಮನೆಯೊಳಗೇ ಇದೆ. ಅತ್ತೆ ಇವತ್ತಿನ ತನಕ ಟ್ಯಾಂಕಿನ ಶೆಡ್ಡಿಗೆ ಕಾಲಿಟ್ಟಿಲ್ಲ. ನಾನು ಕರೆದೂ ಇಲ್ಲ. ಕೊಯ್ಲಿನ ದಿನ ಎಲ್ಲರಿಗೂ ಅಡುಗೆ ಮಾಡಿ ಬೇವಿನ ಮರದ ತನಕ ತಂದು ಕೊಟ್ಟು ಹಿಂದಕ್ಕೆ ಹೋಗುತ್ತಾರೆ.

ವೈನ್ ಆರೋಗ್ಯಕ್ಕೆ ಒಳ್ಳೆಯದು ಅಂತ ನಾವು ಯಾರಿಗೂ ಹೇಳುವುದಿಲ್ಲ. ಹೇಳುವವರನ್ನು ಮೇಜಿನ ಹತ್ತಿರವೇ ತಡೆಯುತ್ತೇನೆ. ನಮ್ಮ ಒಂದು ಬಾಟಲಿಯಲ್ಲಿ 13 ಪರ್ಸೆಂಟ್ ಅಂದರೆ ಸುಮಾರು 97 ಮಿಲಿ ಶುದ್ಧ ಆಲ್ಕೋಹಾಲ್ ಇದೆ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಇರುವುದು 77. ಒಬ್ಬರೇ ಕೂತು ಬಾಟಲಿ ಮುಗಿಸಿದರೆ ಕ್ವಾರ್ಟರಿಗಿಂತ ಜಾಸ್ತಿ ಕುಡಿದ ಹಾಗಾಯಿತು. ಈ ಲೆಕ್ಕವನ್ನು ಮೇಜಿನ ಮೇಲೆ ಬರೆದು ಇಟ್ಟಿದ್ದೇನೆ. ಎಷ್ಟು ಕಡಿಮೆ ಕುಡಿದರೂ ಅಪಾಯವೇ ಇಲ್ಲ ಅನ್ನುವಂಥ ಅಳತೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನೂ ಓದಿದ್ದೇನೆ.

ನಮ್ಮಲ್ಲಿ ಕೆಲವು ಕಟ್ಟಳೆ ಇವೆ. ಸಂಜೆ ಆರಕ್ಕೆ ಬಾಗಿಲು. ಉದ್ರಿ ಇಲ್ಲ. ಕುಡಿದು ಬಂದವರಿಗೆ ಇಲ್ಲ. ಕೂಲಿಗೆ ಬದಲು ಬಾಟಲಿ ಅನ್ನುವ ಮಾತೇ ಇಲ್ಲ. ನಮ್ಮ ಊರಿನವರು ಕೊಳ್ಳುವುದು ಬಹಳ ಕಡಿಮೆ. 480 ರೂಪಾಯಿ ಕೂಲಿಯವನಿಗೆ ದಿನದ ದುಡಿಮೆ, ಅವನಿಗೆ ಅದು ಅಗ್ಗವಲ್ಲ ಟೀಚರ್. ನಾನು ಕಡಿಮೆ ಬೆಲೆ ಅಂದದ್ದು ತಿಂಗಳಿಗೆ ಒಮ್ಮೆ, ಇಬ್ಬರು ಮೂವರು ಕೂಡಿ ಊಟದ ಜೊತೆ ಕುಡಿಯುವ ಮನೆಗಳಿಗೆ. ಅವರು ಆಗಲೇ ಕುಡಿಯುವವರು.

ಸೂಪರ್ ಮಾರ್ಕೆಟ್ಟಿನ ತೀರ್ಮಾನ ಕೊನೆಗೆ ಜಾರಿಯಾಗಲಿಲ್ಲ. ನನಗೆ ಅದರ ಬಗ್ಗೆ ದುಃಖವಿಲ್ಲ. ಅಂಥ ಕಪಾಟು ಸಿಗುವುದು ಊರೂರಿಗೆ ಲಾರಿ ಕಳಿಸಬಲ್ಲ ದೊಡ್ಡವರಿಗೆ. ಬಾಟಲಿ ಒಯ್ಯುವವರ ಮುಖ ನಾನು ನೋಡಬೇಕು. ಒಬ್ಬರು ಎರಡು ತಿಂಗಳು ಪ್ರತಿ ಭಾನುವಾರ ಬಂದು ಆರಾರು ಬಾಟಲಿ ಒಯ್ದರು. ಒಂಬತ್ತನೇ ವಾರ ನಾನು ಕೊಡಲಿಲ್ಲ. ಸಿಟ್ಟು ಮಾಡಿಕೊಂಡು ಹೋದರು. ಆಮೇಲೆ ಅವರ ಮನೆಯವರು ಫೋನ್ ಮಾಡಿದ್ದರು. ಏನು ಹೇಳಿದರು ಅನ್ನುವುದನ್ನು ಇಲ್ಲಿ ಬರೆಯಲಾರೆ.

ಅಕ್ಕಲಕೋಟೆಯ ಟೀಚರ್

ನನ್ನ ನಿಲುವು ಬದಲಾಗಿಲ್ಲ ತಾಯಿ. ಆದರೆ ಕ್ವಾರ್ಟರಿನ ಲೆಕ್ಕ ಬರೆದು ಇಟ್ಟಿದ್ದೀರಿ ಅಂದಿರಲ್ಲ, ಅದನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಶೇಕಡಾವಾರು ಲೆಕ್ಕವಾಗಿ ಕೊಡುತ್ತೇನೆ. ಬಹಳ ಮನೆಗಳಲ್ಲಿ ವೈನ್ ಅಂದರೆ ಜ್ಯೂಸು ಅಂದುಕೊಂಡಿದ್ದಾರೆ.

ಪುಣೆಯ ಕನ್ನಡಿಗ

ನಾನು ಕೆಲಸದ ಮೇಲೆ ಎರಡು ವರ್ಷ ಫ್ರಾನ್ಸಿನಲ್ಲಿದ್ದೆ. ಅಲ್ಲಿನ ಬುರ್ಗಂಡಿ ಅನ್ನುವ ವೈನ್ ನಾಡಿನ ದಕ್ಷಿಣ ಭಾಗದಲ್ಲಿ, ಮಾಕೊನೆ ಅನ್ನುವ ಸೀಮೆಯಲ್ಲಿ ಶಾರ್ಡನೆ ಅಂತಲೇ ಒಂದು ಹಳ್ಳಿ ಇದೆ. ನಾನು ಅಲ್ಲಿಗೆ ಹೋಗಿದ್ದೆ. ಸುತ್ತಲಿನ ಮನೆಗಳ ಗೇಟಿನಲ್ಲಿ ನೇರ ಮಾರಾಟ ಅಂತ ಬೋರ್ಡು. ಗಂಟೆ ಬಾರಿಸಿದರೆ ಮನೆಯವರೇ ಕೈ ಒರೆಸಿಕೊಂಡು ಬಂದು ರುಚಿ ತೋರಿಸುತ್ತಾರೆ. ನಿಮ್ಮ ಬೇವಿನ ಮರದ ಕಥೆ ಓದಿ ಅದೇ ಕಣ್ಣಿಗೆ ಕಟ್ಟಿತು.

ಅವರಿಗೂ ಇದು ಸುಲಭಕ್ಕೆ ಬಂದದ್ದಲ್ಲ. ಬುರ್ಗಂಡಿಯ ರೈತರು ಬಹುಕಾಲ ತಮ್ಮ ವೈನನ್ನು ಪೀಪಾಯಿಗಟ್ಟಲೆ ಪೇಟೆಯ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ವ್ಯಾಪಾರಿಗಳು ಅದಕ್ಕೆ ಇದಕ್ಕೆ ಬೆರೆಸಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. 1920–30ರ ದಶಕದಲ್ಲಿ ಕೆಲವು ಮನೆತನಗಳು ಸಿಡಿದು ನಿಂತು ತಮ್ಮ ವೈನನ್ನು ತಾವೇ ಬಾಟಲಿಗೆ ತುಂಬಿಸತೊಡಗಿದವು. ನಿಮ್ಮ ಮಾವನವರ "ಮೊದಲು ಟ್ಯಾಂಕು" ಅನ್ನುವುದು ಅದೇ ಜಾಡು.

ಶಾರ್ಡನೆಯನ್ನು ಮರದ ಪೀಪಾಯಿಯಲ್ಲಿ ಇಡುವುದರ ಬಗ್ಗೆಯೂ ಒಂದು ಮಾತು. ಬುರ್ಗಂಡಿಯ ಪೀಪಾಯಿ 228 ಲೀಟರು, ಸುಮಾರು 300 ಬಾಟಲಿ. ಹೊಸದು ಇಲ್ಲಿಗೆ ತರಿಸಿದರೆ ಲಕ್ಷದ ಆಸುಪಾಸು. ಮೊದಲ ವರ್ಷದ ಬಾಟಲಿಗೇ ಮುನ್ನೂರು ರೂಪಾಯಿ ಮರಕ್ಕೆ ಹೋಯಿತು. ಅದೇ ಬುರ್ಗಂಡಿಯ ಉತ್ತರದ ಶಾಬ್ಲಿಯಲ್ಲಿ ಬಹಳಷ್ಟು ಶಾರ್ಡನೆ ಮರ ಮುಟ್ಟದೆ, ಸ್ಟೀಲ್ ಟ್ಯಾಂಕಿನಲ್ಲೇ ತಯಾರಾಗುತ್ತದೆ. ಅದನ್ನು ಯಾರೂ ಕೀಳು ಅನ್ನುವುದಿಲ್ಲ.

ಇನ್ನು ಈ ಬಳ್ಳಿಯ ಹುಟ್ಟು ನನಗೆ ಬಹಳ ಇಷ್ಟವಾದ ಸಂಗತಿ. 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇದರ ತಂದೆತಾಯಿ ಯಾರು ಅಂತ ಗೊತ್ತಾಯಿತು. ಒಂದು ಪಿನೋ ನುವಾರ್, ದೊಡ್ಡ ಮನೆತನದ ಬಳ್ಳಿ. ಇನ್ನೊಂದು ಗುವೆ ಬ್ಲಾಂ, ಬಡ ರೈತರ ಹಿತ್ತಲಿನದ್ದು, ಕೀಳು ಅಂತ ಕೆಲವು ಕಡೆ ನಿಷೇಧಿಸಿದ್ದ ಬಳ್ಳಿ. ಇವೆರಡು ಒಂದೇ ಹೊಲದ ಅಕ್ಕಪಕ್ಕ ಬೆಳೆದದ್ದರಿಂದಲೇ ಶಾರ್ಡನೆ ಹುಟ್ಟಿತು.

ಸೊಲ್ಲಾಪುರದ ಲೆಕ್ಕಿಗ

ಎಲ್ಲಾ ಓದಿದೆ. 650ರ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ 480ಕ್ಕೂ ಒಪ್ಪುವುದಿಲ್ಲ ಅಕ್ಕಾ. 2019 ನೆನಪಿದೆ ಅಲ್ವಾ? ಅಕ್ಟೋಬರ್ ಕೊನೆ, ನವೆಂಬರ್ ತನಕ ಮಳೆ ಬಿಡಲಿಲ್ಲ. ಚಾಟ್ನಿ ಆದ ಬಳ್ಳಿಗೆ ಡೌನಿ ಅನ್ನುವ ಬೂಜು ರೋಗ ಹತ್ತಿ ಎಷ್ಟೋ ತೋಟಗಳಲ್ಲಿ ಗೊಂಚಲೇ ಉಳಿಯಲಿಲ್ಲ. ಅಂಥದ್ದೊಂದು ವರ್ಷ ಮತ್ತೆ ಬಂದರೆ 4,800 ಬಾಟಲಿ ಇರುವುದಿಲ್ಲ, 1,500 ಇರುತ್ತದೆ. ಬಡ್ಡಿ ಮಾತ್ರ ಅಷ್ಟೇ ಇರುತ್ತದೆ. ಕೆಟ್ಟ ವರ್ಷದ ದುಡ್ಡನ್ನು ಒಳ್ಳೆಯ ವರ್ಷದ ಬಾಟಲಿಯಲ್ಲೇ ಕೂಡಿಡಬೇಕು. ಬಂದ ಗಿರಾಕಿಗೆ ಇದನ್ನು ಹೇಳಿಯೇ ತೆಗೆದುಕೊಳ್ಳಿ. ಕರೆಂಟಿನ ಕಥೆ ಕೇಳಿ ಕೊಂಡವರು ಇದನ್ನೂ ಕೇಳುತ್ತಾರೆ.

ವಿಜಯಪುರದ ಒಣದ್ರಾಕ್ಷಿ

ಈ ಮಾತು ಸರಿ. ಆ ವರ್ಷ ನಾವು ವಾರಕ್ಕೆ ನಾಲ್ಕು ಸಲ ಔಷಧಿ ಹೊಡೆದೆವು. ಆದರೂ ಅರ್ಧ ಹೋಯಿತು.

ಜತ್ತದ ಬಳ್ಳಿ

ನಿನ್ನೆ ರಾತ್ರಿ ಊಟದ ನಂತರ ಇದನ್ನೆಲ್ಲಾ ಮಾವನಿಗೆ ಓದಿ ಹೇಳಿದೆ. 2019ರ ಹೆಸರು ಬಂದಾಗ, ಇನ್ನೊಮ್ಮೆ ಓದು ಅಂದರು.

520 ಮಾಡುತ್ತಿದ್ದೇವೆ. ವ್ಯಾಟ್ ಕಳೆದರೆ ನಮಗೆ ಬರುವುದು ಬಾಟಲಿಗೆ 33 ರೂಪಾಯಿ ಹೆಚ್ಚು. ಅದನ್ನು ಬೇರೆ ಖಾತೆಯಲ್ಲಿ ಇಡುತ್ತೇವೆ, ಮಾವನ ಹೆಸರಿನಲ್ಲಿ. ಎಲ್ಲಾ ಮಾರಿದರೆ ವರ್ಷಕ್ಕೆ ಒಂದೂವರೆ ಲಕ್ಷದ ಮೇಲೆ ಕೂಡುತ್ತದೆ. ಯಾಕೆ ಏರಿಸಿದೆವು ಅಂತ ಬೋರ್ಡು ಬರೆಯುತ್ತೇನೆ. ಬಾಟಲಿ ಅದೇ ಹಗುರದ್ದು, ಮುಚ್ಚಳ ಅದೇ. ಹಳೆಯ 480ರದ್ದು ಇನ್ನೂ ಆರುನೂರು ಬಾಟಲಿ ಇದೆ, ಅದನ್ನು ಅದೇ ಬೆಲೆಗೆ ಮುಗಿಸುತ್ತೇವೆ. ದುಡಿಮೆಗೆ ಸಂಬಳ ಹಿಡಿಯಿರಿ ಅಂದ ಲೆಕ್ಕಿಗ ಅಣ್ಣನಿಗೆ ಉತ್ತರ ಇನ್ನೂ ಸಿಕ್ಕಿಲ್ಲ. ಸಾಲದ ಅಸಲು ತೀರಿದ ಮೇಲೆ ನೋಡೋಣ ಅಂತ ಗಂಡ ಹೇಳುತ್ತಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಈ ಭಾನುವಾರ ಬರುವವರಿಗೆ: ಬೆಳಿಗ್ಗೆ ಹತ್ತಕ್ಕೆ ಮೇಜು ಹಾಕುತ್ತೇವೆ. ಸೊಲ್ಲಾಪುರ, ಮಿರಜ್ ಕಡೆಯಿಂದ ಬರುವವರು ಐಸ್ ಹಾಕಿದ ಡಬ್ಬ ತನ್ನಿ, ಇಲ್ಲವೇ ಒದ್ದೆ ಗೋಣಿಚೀಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಮನೆ ಮುಟ್ಟುವುದರೊಳಗೆ ವೈನ್ ಬೆಂದಿರುತ್ತದೆ. ಮನೆಯಲ್ಲಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಕುಡಿಯುವ ಕಾಲು ತಾಸು ಮೊದಲು ಹೊರಗೆ ತೆಗೆಯಿರಿ. ಗಾಡಿ ಓಡಿಸುವವರಿಗೆ ರುಚಿ ನೋಡಲು ಕೊಡುವುದಿಲ್ಲ, ಅವರಿಗೆ ಅತ್ತೆಯ ಮಜ್ಜಿಗೆ ಇರುತ್ತದೆ.